ಬೀಗದಮ್ಮನ ಬೀರು

ಶಾಲೆಯಲ್ಲಿ ಅವಳಿಗೆ ಮೊದಲಿದ್ದ ಹೆಸರು ಗಂಟೆಯಮ್ಮ. ಗಂಟೆ ಹೊಡೆಯುವುದು, ಕೊಠಡಿಗಳ ಬೀಗ ತೆಗೆಯುವುದು, ಸಭೆಗೆ ಕುರ್ಚಿ ಹೊರುವುದು, ತಲೆ ಸುತ್ತಿ ಬಿದ್ದ ಮಕ್ಕಳ ಮುಖಕ್ಕೆ ನೀರು ಚಿಮುಕಿಸುವುದು, ಎಲ್ಲವೂ ಅವಳ ಪಾಲಿನದೇ. ಸೇರುವಾಗ ಕೂದಲು ಕಪ್ಪಗಿತ್ತು, ಈಗ ನೆರೆತಿದೆ. ನೌಕರಿ ಮಾತ್ರ ಅಂದಿನಂತೆ ಇಂದಿಗೂ ಹಂಗಾಮಿ. ಶಾಲೆಯ ಹೊತ್ತಿನಲ್ಲಿ ಮೊಬೈಲ್ ಕೂಡದು ಎಂದು ಹೆಡ್‌ಮಾಸ್ಟರು ಆಜ್ಞೆ ಹೊರಡಿಸಿದ ಮೇಲೆ ಅವಳ ಸೊಂಟಕ್ಕೆ ಇನ್ನೊಂದು ಬೀಗದ ಕೈ ಬಂತು, ಹೆಸರು ಬೀಗದಮ್ಮ ಎಂದಾಯಿತು.

ಬೆಳಿಗ್ಗೆ ಗೇಟಿನಲ್ಲಿ ಅವಳು ಬುಟ್ಟಿ ಹಿಡಿದು ನಿಲ್ಲುತ್ತಿದ್ದಳು. ಮಕ್ಕಳು ತಂತಮ್ಮ ಬಟ್ಟೆಚೀಲದಲ್ಲಿ ಫೋನು ಹಾಕಿ ಬುಟ್ಟಿಗಿಡಬೇಕು. ಅದೆಲ್ಲ ಹೆಡ್‌ಮಾಸ್ಟರ ಕೋಣೆಯ ಕಬ್ಬಿಣದ ಬೀರುವಿಗೆ ಹೋಗಿ, ಕೊನೆಯ ಗಂಟೆಯವರೆಗೆ ಬೀಗದೊಳಗೆ. ಮೇಷ್ಟ್ರುಗಳ ಫೋನೂ ಅಲ್ಲೇ, ಬೀಗದಮ್ಮನದೂ ಅಲ್ಲೇ. ಹೊರಗಿದ್ದದ್ದು ಹೆಡ್‌ಮಾಸ್ಟರದು ಒಂದೇ. ಕಾನೂನು ಮಾಡಿದವರಿಗೆ ಕಾನೂನಿಲ್ಲ, ಅದು ಎಲ್ಲ ಕಡೆ ಇರುವ ಮಾತು ಬಿಡಿ.

ನಿಜ ಹೇಳಬೇಕೆಂದರೆ ಆ ಆಜ್ಞೆ ಕೆಟ್ಟದ್ದೇನಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಗೋಡೆಗೊರಗಿ ಬೆರಳಾಡಿಸುತ್ತಿದ್ದ ಮಕ್ಕಳು ಮತ್ತೆ ಮೈದಾನಕ್ಕಿಳಿದರು, ಮೊಣಕಾಲು ತರಚಿಸಿಕೊಂಡು ಬಂದರು. ಗಾಯಕ್ಕೆ ಔಷಧಿ ಹಚ್ಚುತ್ತಾ ಬೀಗದಮ್ಮ ಬೈದಳು, ಒಳಗೊಳಗೇ ಖುಷಿಪಟ್ಟಳು. ಆದರೆ ನೀವು ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ ತೂರುತ್ತಾರೆ. ಮನೆಯಲ್ಲಿ ಕೆಟ್ಟು ಬಿದ್ದ ಹಳೇ ಫೋನನ್ನು ಚೀಲಕ್ಕೆ ಹಾಕಿ, ನಿಜವಾದದ್ದನ್ನು ಜೇಬಲ್ಲೇ ಉಳಿಸಿಕೊಳ್ಳುವ ವಿದ್ಯೆ ಕೆಲವರು ಕಲಿತರು.

ಅಂಥ ಸತ್ತ ಫೋನುಗಳಲ್ಲಿ ಒಂದನ್ನು ಮಾತ್ರ ಬೀಗದಮ್ಮ ಗೊತ್ತಿದ್ದೇ ತೆಗೆದುಕೊಳ್ಳುತ್ತಿದ್ದಳು. ಅದು ಹತ್ತನೇ ತರಗತಿಯ ಎರಡುಜಡೆ ಹುಡುಗಿಯದು. ಅವಳ ಮನೆ ಶಾಲೆಯ ಹಿಂದಿನ ಬೀದಿಯಲ್ಲಿ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಉಬ್ಬಸದ ರೋಗಿ. ಮಗಳು ಬಿಟ್ಟರೆ ಬೇರೆ ದಿಕ್ಕಿಲ್ಲ. ಉಬ್ಬಸ ಕೆರಳಿದರೆ ಮಾತೇ ಹೊರಡುವುದಿಲ್ಲ. ಒಮ್ಮೆ ಹಾಗಾದಾಗ ಶಾಲೆಯ ಆಫೀಸಿಗೆ ಫೋನು ಮಾಡಿದ್ದಳು. ಗುಮಾಸ್ತರಿಗೆ ಬರೀ ಸುಂಯ್ ಸುಂಯ್ ಎಂಬ ಉಸಿರು ಕೇಳಿತು. ಯಾರೋ ಪೋಲಿಗಳ ಕಾಟ ಎಂದುಕೊಂಡು, ಬೈದು ಇಟ್ಟುಬಿಟ್ಟರು. ಆವತ್ತು ಉಳಿದದ್ದು ಬಟ್ಟೆ ಕೊಡಲು ಬಂದ ಗಿರಾಕಿಯ ಪುಣ್ಯ. ಚೇತರಿಸಿಕೊಂಡ ಮೇಲೆ ಆ ತಾಯಿ ಹೆಡ್‌ಮಾಸ್ಟರ ಹತ್ತಿರ ಬಂದು, ಮಗಳ ಕೈಲಿ ಫೋನಿರಲಿ, ರಿಂಗಾದರೆ ಸಾಕು ಓಡಿ ಬರುತ್ತಾಳೆ ಎಂದು ಕೇಳಿಕೊಂಡಳು.

"ಒಬ್ಬರಿಗೆ ಬಿಟ್ರೆ ನಾಳೆ ಊರಲ್ಲಿರೋ ತಾಯಂದಿರಿಗೆಲ್ಲ ಕಾಯಿಲೆ ಬರುತ್ತಮ್ಮ. ಆಫೀಸ್ ನಂಬರ್ ಇದೆಯಲ್ಲ" ಎಂದರು ಹೆಡ್‌ಮಾಸ್ಟರು.

ಬಾಗಿಲ ಬಳಿ ನೀರಿನ ಲೋಟ ಹಿಡಿದು ನಿಂತಿದ್ದ ಬೀಗದಮ್ಮ ಅದನ್ನು ಕೇಳಿಸಿಕೊಂಡಳು. ಮರುದಿನ ಎರಡುಜಡೆ ಸತ್ತ ಫೋನನ್ನು ಬುಟ್ಟಿಗಿಟ್ಟಾಗ, "ಹೋಗು ಮಗಾ, ನಾನು ಏನೂ ನೋಡಿಲ್ಲ" ಎಂದಳು.

ಹೆಡ್‌ಮಾಸ್ಟರಿಗೆ ವಾಸನೆ ಬಡಿಯದೇ ಇರುತ್ತದೆಯೇ? ಗಣಿತದ ಪರೀಕ್ಷೆಯ ದಿನ, ಇವತ್ತು ಯಾರೂ ಫೋನು ಆಫ್ ಮಾಡಬಾರದು, ದನಿ ಜೋರಾಗಿಟ್ಟು ಕೊಡಬೇಕು ಎಂದು ಗೇಟಿನಲ್ಲೇ ಸಾರಿದರು. ಮಕ್ಕಳೆಲ್ಲ ಹಾಲ್‌ನಲ್ಲಿ ಪರೀಕ್ಷೆಗೆ ಕೂತ ಮೇಲೆ ಬೀಗದಮ್ಮನನ್ನು ಕೋಣೆಗೆ ಕರೆದರು. ಬೀರುವಿನ ಎದುರು ಕುರ್ಚಿ ಎಳೆದು ಕೂತು, ದಾಖಲಾತಿಯಲ್ಲಿದ್ದ ನಂಬರುಗಳಿಗೆ ತಮ್ಮ ಫೋನಿನಿಂದ ಒಂದೊಂದಾಗಿ ಕರೆ ಮಾಡತೊಡಗಿದರು.

"ಒಳಗೆ ರಿಂಗಾದ್ರೆ ಫೋನು ನಿಜ. ಆಗದಿದ್ರೆ ಕಳ್ಳ ಸಿಕ್ಕಿದ ಹಾಗೆ. ಹೇಗಿದೆ?"

"ಚೆನ್ನಾಗಿದೆ ಸರ್" ಎಂದಳು ಬೀಗದಮ್ಮ.

ಬೀರುವಿನೊಳಗಿಂದ ಒಂದು ಹಾಡು ಬಂತು. ಆಮೇಲೆ ಕೋಳಿ ಕೂಗಿತು. ಎಳೇ ಮಗು ಕಿಲಕಿಲ ನಕ್ಕಿತು. ನಾಲ್ಕನೆಯ ಕರೆ ಒಬ್ಬ ಹುಡುಗನ ನಂಬರಿಗೆ, ಬೀರು ತುಟಿಪಿಟಕ್ಕೆನ್ನಲಿಲ್ಲ.

ಹೆಡ್‌ಮಾಸ್ಟರು ಕನ್ನಡಕ ತೆಗೆದರು. "ಗೇಟಲ್ಲಿ ಇದನ್ನ ತಗೊಂಡಿದ್ದು ನೀವೇ ತಾನೆ?"

"ಗೊತ್ತಾಗ್ಲಿಲ್ಲ ಸರ್. ಚೀಲ ಬಿಚ್ಚಿ ನೋಡಿರ್ಲಿಲ್ಲ."

"ನೋಡದೆ ತಗೊಂಡ್ರೆ ಅದು ಅಜಾಗರೂಕತೆ. ನೋಡಿಯೂ ತಗೊಂಡಿದ್ರೆ ಮೋಸ. ನಿಮ್ಮನ್ನ ಕಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲಿದೆ, ನೆನಪಿರ್ಲಿ."

ನೆನಪಿರದೆ ಏನು? ಆ ಕಾಗದಕ್ಕಾಗಿ ಅವಳು ಅರ್ಧ ಆಯಸ್ಸು ಕಾದಿದ್ದಳು. ಈ ಹುಡುಗನ ವಿಷಯ ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಎರಡುಜಡೆಯ ಸರದಿ ಬಂದಾಗ ಏನು ಹೇಳುವುದು? ಗೊತ್ತಿರಲಿಲ್ಲ ಎಂದರೆ ಹುಡುಗಿಯೊಬ್ಬಳೇ ಸಿಕ್ಕಿಬೀಳುತ್ತಾಳೆ, ಗೊತ್ತಿತ್ತು ಎಂದರೆ ಕೆಲಸ ಹೋಗುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸರದಿ ಬಂತು. ಹೆಡ್‌ಮಾಸ್ಟರು ಒತ್ತಿದರು, ಕಿವಿಗಿಟ್ಟುಕೊಂಡರು, ಹುಬ್ಬು ಗಂಟಿಕ್ಕಿದರು.

"ಬಿಜಿ ಬರ್ತಿದೆ." ಮತ್ತೆ ಒತ್ತಿದರು. "ಈಗಲೂ ಬಿಜಿ. ಮನೆಯವರೇ ಮಾಡ್ತಿರ್ಬೇಕು. ಶಾಲೆ ಟೈಮಲ್ಲಿ ಮಾಡ್ಬೇಡಿ ಅಂದ್ರೆ ಇವರಿಗೂ ಬುದ್ಧಿ ಇಲ್ಲ. ಇರ್ಲಿ, ಮುಂದಿಂದು."

ಮನೆಯವರ ಕರೆ ಬೀರುವಿನಲ್ಲಿದ್ದ ಫೋನಿಗೇ ಬರುತ್ತಿದ್ದರೆ ಬೀರು ಕೂಗಬೇಕಿತ್ತಲ್ಲ ಎಂಬುದು ಪತ್ತೇದಾರಿಕೆಯ ಹುರುಪಿನಲ್ಲಿ ಅವರಿಗೆ ಹೊಳೆಯಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು! ಬೀಗದಮ್ಮನ ಮೈ ಹಗುರಾಯಿತು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಹುಡುಗಿಯೂ ಉಳಿದಳು, ತಾನೂ ಉಳಿದಂತೆ.

ಆ ನಿರಾಳ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮನೆಯವರು ಎಂದರೆ ಯಾರು? ಆ ಮನೆಯಲ್ಲಿರುವುದು ತಾಯಿ ಒಬ್ಬಳೇ. ಉಬ್ಬಸ ಕೆರಳಿದಾಗ ಬಿಟ್ಟು ಬೇರೆ ಯಾವಾಗಲೂ ಅವಳು ಆ ನಂಬರು ಒತ್ತುವವಳಲ್ಲ. ಈಗ ಮತ್ತೆ ಮತ್ತೆ ಒತ್ತುತ್ತಿದ್ದಾಳೆ. ಮಗಳ ಫೋನೋ ಬ್ಯಾಗಿನೊಳಗೆ. ಪರೀಕ್ಷೆ ಎಂದು ಬ್ಯಾಗುಗಳನ್ನೆಲ್ಲ ಜಗಲಿಯಲ್ಲಿ ರಾಶಿ ಹಾಕಿಸಿದ್ದು ಸ್ವತಃ ಬೀಗದಮ್ಮ.

"ಸರ್, ಆ ಹುಡುಗಿ ಫೋನು ಬೀರುವಲ್ಲಿಲ್ಲ."

"ಏನು?"

"ನನಗೆ ಗೊತ್ತಿತ್ತು. ಗೊತ್ತಿದ್ದೇ ತಗೊಂಡೆ. ಅವಳ ತಾಯಿಗೆ ಉಸಿರು ಕಟ್ತಿದೆ ಸರ್, ಅದಕ್ಕೇ ಬಿಜಿ ಬರ್ತಿರೋದು. ಕೆಲಸದಿಂದ ಆಮೇಲೆ ತೆಗೀರಿ, ಈಗ ಕಾರು ತೆಗೀರಿ!"

ಹೇಳಿ, ಉತ್ತರಕ್ಕೂ ಕಾಯದೆ ಓಡಿದಳು. ಬ್ಯಾಗುಗಳ ರಾಶಿಯ ಅಡಿಯಲ್ಲೆಲ್ಲೋ ಗುರ್ ಗುರ್ ಎಂಬ ನಡುಕ. ಒಂದನ್ನು ಎಳೆದಳು, ಅದಲ್ಲ. ಇನ್ನೊಂದು, ಅದೂ ಅಲ್ಲ. ಹೂವಿನ ಚಿತ್ರದ ಬ್ಯಾಗು ಸಿಕ್ಕಿ ಜಿಪ್ಪು ಎಳೆಯುವಷ್ಟರಲ್ಲಿ ಹಿಂದೆಯೇ ಬಂದ ಹೆಡ್‌ಮಾಸ್ಟರು ಫೋನು ಕಸಿದುಕೊಂಡು ಕಿವಿಗಿಟ್ಟರು.

"ಹಲೋ, ಯಾರು? ಯಾರು ಮಾತಾಡ್ತಿರೋದು? ಮಾತಾಡಿ!"

ಅತ್ತಲಿಂದ ಮಾತಿಲ್ಲ. ಸೀಟಿಯಂಥ ಒಂದು ಉಸಿರು ಎಳೆದೆಳೆದು ಬಂತು, ನಿಂತಿತು, ಮತ್ತೆ ಬಂತು. ಅವರು ಇನ್ನೊಂದು ಕೈಯಿಂದ ಜೇಬಿನಲ್ಲಿ ಕಾರಿನ ಕೀ ತಡಕಿದರು. ಹಾಲ್‌ನ ಬಾಗಿಲು ದೂಡಿ ಬೀಗದಮ್ಮ ಕೂಗಿದ್ದಕ್ಕೆ ಎರಡುಜಡೆ ಪೆನ್ನು ಎಸೆದು ಎದ್ದುಬಂದಳು, ಹೆಡ್‌ಮಾಸ್ಟರ ಕೈಯಿಂದ ಫೋನು ಕಿತ್ತುಕೊಂಡಳು. "ಅಮ್ಮಾ, ಬಂದೆ. ಬಂದೇಬಿಟ್ಟೆ ಕಣಮ್ಮಾ."

ಹೊಲಿಗೆ ಯಂತ್ರದ ಪಕ್ಕ ನೆಲದಲ್ಲಿ ಬಿದ್ದಿದ್ದ ತಾಯಿಯನ್ನು ಮೂವರೂ ಸೇರಿ ಎತ್ತಿ ಕಾರಿಗೆ ಹಾಕಿದರು. ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕ ಹಾಕಿ ಬಹಳ ಹೊತ್ತಾದ ಮೇಲೆ, ಬಾಗಿಲ ಗಾಜಿನಾಚೆ ಆ ಎದೆ ನಿಧಾನವಾಗಿ ಏರಿಳಿಯುವುದು ಕಾಣಿಸಿತು. ಬದುಕಿದಳು ಎಂದರು ಡಾಕ್ಟರು. ಮಗಳು ಹಾಸಿಗೆಯ ಪಕ್ಕ ಕೂತು ಅಮ್ಮನ ಕಾಲು ಹಿಡಿದುಕೊಂಡು ಅಳುತ್ತಿದ್ದಳು.

ಹೊರಗಿನ ಬೆಂಚಿನಲ್ಲಿ ಹೆಡ್‌ಮಾಸ್ಟರು, ಒಂದು ಆಳು ಕೂರುವಷ್ಟು ದೂರ ಬಿಟ್ಟು ಬೀಗದಮ್ಮ. ಕಾಯಂ ಆಗುವ ಆಸೆಯನ್ನು ಬೀಗದಮ್ಮ ಆಗಲೇ ಬಿಟ್ಟಿದ್ದಳು, ಅದಕ್ಕೇ ಅವಳಿಗೆ ಭಯವೂ ಉಳಿದಿರಲಿಲ್ಲ.

ಕೊನೆಗೆ ಹೆಡ್‌ಮಾಸ್ಟರೇ ಬಾಯಿಬಿಟ್ಟರು. "ಪರಿಸ್ಥಿತಿ ಇಷ್ಟು ಕಷ್ಟ ಅಂತ ನನಗೆ ಒಂದು ಮಾತು ಹೇಳ್ಬೇಕಿತ್ತು."

"ಹೇಳಿದ್ರಲ್ಲ ಸರ್" ಎಂದಳು ಬೀಗದಮ್ಮ. "ಆ ತಾಯಿ ನಿಮ್ಮ ಎದುರೇ ನಿಂತು ಹೇಳಿದ್ರು. ಆವತ್ತು ಅವರಿಗೆ ಮಾತು ಬರ್ತಿತ್ತು."