ನಾಗೇಂದ್ರನ ಎಡದವಡೆ

ನಮ್ಮ ನಜರ್‌ಬಾದಿನ ಸುತ್ತಮುತ್ತ ಮದುವೆ ಅಂದರೆ ವಾಲಗಕ್ಕೆ ನಮ್ಮನೆಯವರನ್ನೇ ಕರೆಯೋರು. ನಮ್ಮೆಜಮಾನರು ಜವರಪ್ಪ ಡೋಲು ಬಾರಿಸೋರು, ಅವರ ತಮ್ಮ ನಾಗೇಂದ್ರ ನಾಗಸ್ವರ ಊದೋನು. ಮೈದುನ ಅಂತ ಹೊಗಳ್ತಿಲ್ಲ, ಅವನು ಊದೋಕೆ ಕೂತರೆ ಪಂಕ್ತೀಲಿ ಕೂತೋರು ಪಾಯಸ ಆರಿಹೋದರೂ ಕೇಳೋರು. ಅಂಥವನು ಒಂದೊಂದೇ ಹಲ್ಲು ಕೀಳಿಸಿಕೊಂಡು ಬಂದ. ಅದನ್ನ ನೆನೆಸ್ಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತೆ, ಯಾರ ಮೇಲೆ ಅಂತ ಮಾತ್ರ ತಿಳಿಯೋದಿಲ್ಲ.

ತೊಂಬತ್ನಾಲ್ಕನೇ ಇಸವೀಲಿ ಒಂದು ಛತ್ರದಲ್ಲಿ ನಮ್ಮೆಜಮಾನರು ಎದೆನೋವಿಂದ ಹೋಗ್ಬುಟ್ಟರು. "ಮುಹೂರ್ತ ಎಲ್ಲ ಮುಗೀತು ಅತ್ಗೆ. ಡೋಲು ಕೆಳಗಿಟ್ಟು ಕಂಬಕ್ಕೆ ಒರಗಿದ, ಅಷ್ಟೇ," ಅಂದ ನಾಗೇಂದ್ರ. ಹಿಡಿದ ಕೆಲಸ ಮುಗಿಸಿ ಹೋದರು ಅಂತ ನಾನೂ ಬಂದೋರಿಗೆಲ್ಲ ಹೇಳಿದೆ. ನನಗಿದ್ದದ್ದು ಅದೊಂದೇ ಸಮಾಧಾನ. ತಿಥಿ ದಿನ ಅವನು ನನ್ನ ಮಗಳು ಅನುಪಮಾಳ ತಲೆ ಸವರಿ, "ನಿನ್ನ ಮದುವೇಲಿ ಗಟ್ಟಿಮೇಳ ನಾನೇ ಊದ್ತೀನಿ ಕಣಮ್ಮ," ಅಂದ. ಅಂದೋನು ಎಡಗೆನ್ನೆ ಹಿಡ್ಕೊಂಡು ಎದ್ದುಹೋದ. ಹಲ್ಲುನೋವಿರಬೇಕು ಅಂತ ಲವಂಗ ಕೊಟ್ಟೆ.

ಲವಂಗಕ್ಕೆ ಬಗ್ಗೋ ನೋವಾಗಿದ್ದರೆ ನಾನ್ಯಾಕೆ ಇಷ್ಟು ಮಾತಾಡ್ತಿದ್ದೆ. ಕೂತರೆ ನೋವು, ತುತ್ತು ಬಾಯಿಗಿಟ್ಟರೆ ನೋವು. ಮದುವೆ ತಿಂಗಳು ಬಂತೂ ಅಂದರೆ ದವಡೆ ಬಿಗಿದುಕೊಂಡು ಮಾತೇ ಹೊರಡದು. ಉದಯಗಿರಿಯಲ್ಲೊಬ್ಬ ಹಲ್ಲಿನ ಡಾಕ್ಟರು ಒಂದು ಹುಳುಕುಹಲ್ಲು ಕಿತ್ತರು. ಒಂದು ವಾರ ಸುಖವಾಗಿದ್ದ. ಆಮೇಲೆ ಪಕ್ಕದ ಹಲ್ಲು ಅಂದ. ಅದು ಗಟ್ಟಿಯಾಗಿದೆ, ಕೀಳಲ್ಲ ಅಂದರು ಅವರು. ಇವನು ಇನ್ನೊಬ್ಬರ ಹತ್ತಿರ ಹೋಗಿ ಕೀಳಿಸಿಕೊಂಡು ಬಂದ. ಹೀಗೇ ಒಂದಾದ ಮೇಲೊಂದು. ಎಡಗಡೆ ಬೋಳಾಯ್ತು, ನೋವು ಇದ್ದಲ್ಲೇ ಇತ್ತು. ಬಲಗಡೆಯಿಂದ ಬರ್ತಿರಬೇಕು ಅಂತ ಅದಕ್ಕೂ ಕೈಹಾಕಿದ. ಕೆನ್ನೆ ಒಳಕ್ಕೆ ಹೋಗಿ, ನಾಗಸ್ವರ ಕಚ್ಚಿದರೆ ತುಟಿ ಪಕ್ಕದಲ್ಲಿ ಗಾಳಿ ಸೋರೋದು. "ಮುಂದಿನ ಹಲ್ಲೂ ಕೀಳಿಸಿಕೊಂಡರೆ ನನ್ನ ಮಗಳ ಮದುವೇಲಿ ಪೀಪಿ ಊದ್ತೀಯೇನೋ?" ಅಂತ ನಾನು ಬಯ್ಯೋಳು.

ಒಂದು ವಿಷಯ ಮಾತ್ರ ನನಗೆ ಹೆದರಿಕೆ ಹುಟ್ಟಿಸ್ತಿತ್ತು. ಹೆಂಡತಿ ತಿಮ್ಮಮ್ಮ ಬಡಿಸಿದರೆ ಅವನು ಮೆತ್ತಗೆ ಉಣ್ಣೋನು. ನಾನು ಸೌಟು ಹಿಡಿದು ಬಂದರೆ ಸಾಕು, ಕೈ ಕೆನ್ನೆಗೆ ಹೋಗೋದು. ನನ್ನ ಅಡುಗೇಲೇ ಏನೋ ಇದೆ ಅಂತ ಹುಣಸೆಹಣ್ಣು ಬಿಟ್ಟೆ, ಖಾರ ಬಿಟ್ಟೆ. ಏನು ಬಿಟ್ಟರೂ ಕೈ ಕೆಳಗಿಳೀಲಿಲ್ಲ.

ಎರಡು ಸಾವಿರದ ಮೂರರಲ್ಲಿ ರಟ್ಟೆ ಹಿಡಿದು ದೊಡ್ಡಾಸ್ಪತ್ರೆಗೆ ಎಳ್ಕೊಂಡು ಹೋದೆ. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಬಾಯಿಗಿಂತ ಜಾಸ್ತಿ ಮುಖ ನೋಡಿದರು. "ನೋವು ಸುಳ್ಳಲ್ಲ ಕಣ್ರೀ, ನಿಜವಾಗಲೂ ಇದೆ. ಆದರೆ ಹಲ್ಲಲ್ಲಿಲ್ಲ," ಅಂದರು. "ಒಂದು ಸಲ ಮನೆಗೆ ಕಳ್ಳ ನುಗ್ಗಿದ ಮೇಲೆ ನಾಯಿ ಎಲೆ ಅಲ್ಲಾಡಿದರೂ ಬೊಗಳುತ್ತಲ್ಲ, ಹಾಗೆ. ತುಂಬ ಹೆದರಿದ ಮಿದುಳು ನೋವನ್ನ ಕಲಿತುಬಿಡುತ್ತೆ. ಮನಸ್ಸಿನ ಮೇಲೆ ಭಾರ ಬಿದ್ದಾಗಲೆಲ್ಲ ದವಡೆ ಬಿಗಿಯುತ್ತೆ, ಬಿಗಿದಷ್ಟೂ ನೋವು ಹೆಚ್ಚುತ್ತೆ. ಇದು ಶುರುವಾದಾಗ ಮನೇಲಿ ಏನಾಗಿತ್ತು?"

ನಾಗೇಂದ್ರ ನನ್ನ ಕಡೆ ನೋಡಿದ. ಆ ನೋಟ ಕಂಡು, ಇವನು ಬಾಯಿ ಬಿಡದಿದ್ದರೇ ಚೆನ್ನ ಅನ್ನಿಸ್ತು ನನಗೆ.

"ಮುಹೂರ್ತ ಮುಗಿದಿರಲಿಲ್ಲ ಅತ್ಗೆ," ಅಂದ. "ಗಟ್ಟಿಮೇಳ ನಡೀತಿತ್ತು. ಅಣ್ಣ ಬಾರಿಸೋದು ಬಿಟ್ಟು ಎಡದವಡೆ ಹಿಡ್ಕೊಂಡ. ನನ್ನ ಕಡೆ ತಿರುಗಿ ಏನೋ ಅಂದ, ಕೇಳಿಸಲಿಲ್ಲ. ತಾಳಿ ಕಟ್ಟೋ ಹೊತ್ತಲ್ಲಿ ವಾಲಗ ನಿಲ್ಲಿಸಬಾರದಲ್ಲ. ಡೋಲು ನಿಂತದ್ದು ಯಾರಿಗೂ ಗೊತ್ತಾಗದಿರಲಿ ಅಂತ ಇನ್ನೂ ಜೋರಾಗಿ ಊದಿದೆ. ಮುಗಿಸಿ ತಿರುಗಿದರೆ ಅಣ್ಣ ಕಂಬಕ್ಕೆ ಒರಗಿದ್ದ, ಉಸಿರಿರಲಿಲ್ಲ."

ಸೀನು, ಅಳು, ಕೆಟ್ಟ ಮಾತು, ಯಾವುದೂ ಆ ಗಳಿಗೇಲಿ ಕಿವಿಗೆ ಬೀಳಬಾರದು ಅಂತಲೇ ಗಟ್ಟಿಮೇಳ ಇರೋದು. ನನ್ನ ಗಂಡನ ಕೊನೇ ಮಾತೂ ಅದರಡಿ ಮುಚ್ಚಿಹೋಗಿತ್ತು. ನಾನು ಅಳಲಿಲ್ಲ. ಬಸ್ಸಲ್ಲಿ ಅವನ ಪಕ್ಕ ಕೂರಲಿಲ್ಲ.

ಎದೆನೋವು ಎಡದವಡೆಗೂ ಹತ್ತೋದುಂಟು ಅಂದರು ಡಾಕ್ಟರಮ್ಮ. ಮಾತ್ರೆ ಕೊಟ್ಟರು, ದವಡೆ ಸಡಿಲ ಮಾಡೋ ಅಭ್ಯಾಸ ಹೇಳಿಕೊಟ್ಟರು, ವಾರಕ್ಕೊಂದು ಸಲ ಕೂರಿಸಿ ಮಾತಾಡಿಸಿದರು. ನೋವು ನಿಧಾನಕ್ಕೆ ಇಳೀತು, ಹಲ್ಲು ಕೀಳಿಸೋದೂ ನಿಂತಿತು. ಆದರೆ ನಾನು ಅವನ ಹತ್ತಿರ ಮಾತು ಬಿಟ್ಟೆ. ಒಂದೇ ಸೂರಿನಡಿ, ತಟ್ಟೆ ಅವನ ಮುಂದಿಟ್ಟು ಮುಖ ತಿರುಗಿಸ್ಕೊಂಡು ಹೋಗೋಳು.

ಎರಡು ಸಾವಿರದ ಐದರಲ್ಲಿ ಅನುಪಮಾಗೆ ಗಂಡು ಗೊತ್ತಾಯ್ತು. ತಿಮ್ಮಮ್ಮ ಬಂದು, "ಬೇರೆ ವಾಲಗದೋರನ್ನ ಕರೆಸಿ ಅಕ್ಕ, ಇವರ ಕೈಲಾಗಲ್ಲ," ಅಂತ ಬೇಡಿಕೊಂಡಳು. "ಅವನೇ ಊದಬೇಕು," ಅಂದೆ. ಮಗಳಿಗೆ ಕೊಟ್ಟ ಮಾತು ಉಳಿಸಲಿ ಅಂತ ಅಂದೆನೋ, ನನ್ನೆದುರು ನಿಂತು ಇನ್ನೊಂದು ಸಲ ಅನುಭವಿಸಲಿ ಅಂತ ಅಂದೆನೋ, ದೇವರಾಣೆಗೂ ನನಗೆ ಗೊತ್ತಿಲ್ಲ. ಅವತ್ತಿಂದ ಅವನ ಕೈ ಮತ್ತೆ ಕೆನ್ನೆಗೆ ಹೋಗೋಕೆ ಶುರುವಾಯ್ತು.

ಮದುವೆ ದಿನ ಧಾರೆಗೆ ನನ್ನ ತಮ್ಮ, ಅವನ ಹೆಂಡತಿ ಕೂತರು. ಗಂಡ ಸತ್ತವಳು ಮುಂದೆ ಬರೋ ಹಾಗಿಲ್ಲವಲ್ಲ, ನಾನು ವಾಲಗದೋರ ಪಕ್ಕದ ಕಂಬದ ಹತ್ತಿರ ಕೂತೆ. ನಮ್ಮೆಜಮಾನರು ಇದ್ದಿದ್ದರೆ ಡೋಲು ಇಟ್ಟುಕೊಂಡು ಕೂರ್ತಿದ್ದ ಜಾಗ. ಪುರೋಹಿತರು ಕೈಯೆತ್ತಿ ಸನ್ನೆ ಮಾಡಿದರು. ಉಳಿದ ನಾಲ್ಕು ಹಲ್ಲಲ್ಲೇ ಕಚ್ಚಿ ನಾಗೇಂದ್ರ ಗಟ್ಟಿಮೇಳ ಎತ್ತಿದ. ಛತ್ರವೆಲ್ಲ ನಡುಗೋ ಹಾಗೆ ಊದಿದ. ಮದುಮಗಳ ಕಡೆ ನೋಡಲಿಲ್ಲ. ನೆಟ್ಟ ಕಣ್ಣು ನನ್ನ ಮೇಲೇ.

ಕಣ್ಣಲ್ಲಿ ನೀರು ಇಳೀತು ನನಗೆ. ಒರೆಸೋಕೆ ಅಂತ ಎಡಗೈ ಎತ್ತಿ ಕೆನ್ನೆಗೆ ಇಟ್ಟೆ.

ವಾಲಗ ನಿಂತುಹೋಯ್ತು. ನಾಗೇಂದ್ರ ನಾಗಸ್ವರ ಬಿಸಾಕಿ ಬಂದು ನನ್ನ ಎರಡು ಭುಜ ಹಿಡಿದಿದ್ದ. ಡೋಲಿನ ಹುಡುಗರೂ ಬಾರಿಸೋದು ಬಿಟ್ಟರು. ಛತ್ರದ ತುಂಬ ಜನ, ಒಂದು ಉಸಿರಿಲ್ಲ. ಎಲ್ಲೋ ಒಂದು ಕೂಸು ಅತ್ತಿತು, ಯಾರೋ ಸೀನಿದರು. ಬೀಗರ ಮುಖ ಕಪ್ಪಿಟ್ಟಿತು. ಆ ಮೌನದಲ್ಲೇ ಅಳಿಯ ನನ್ನ ಮಗಳಿಗೆ ತಾಳಿ ಕಟ್ಟಿದ.

"ನನಗೇನೂ ಆಗಿಲ್ಲ ಕಣೋ, ಕಣ್ಣು ಒರೆಸ್ಕೊಂಡೆ ಅಷ್ಟೇ. ಹೋಗಿ ಊದಪ್ಪ," ಅಂದೆ. ಎರಡು ವರ್ಷದ ಮೇಲೆ ಅವನಿಗೆ ನಾನಾಡಿದ ಮೊದಲ ಮಾತು ಅದು. ಅವನು ಏನೋ ಹೇಳೋಕೆ ಹೊರಟ. ದವಡೆ ಕಚ್ಚಿ ನಿಂತಿತ್ತು, ಬಾಯಿ ತೆರೀಲಿಲ್ಲ.