ಡೈನೋಸಾರ್ ಚಿತ್ರಕ್ಕೆ ನಾನು ಕೂಗಿದ ಕೂಗು

ಚೆನ್ನೈಗೆ ಬಂದ ಮೇಲೆ ನನ್ನ ಕನ್ನಡಕ್ಕೆ ಮನೆಯ ಹೊರಗೆ ಕೆಲಸವೇ ಇರಲಿಲ್ಲ. ಮೈಸೂರಿನ ಶಾಲೆಯೊಂದರಲ್ಲಿ ಎಂಟು ವರ್ಷ ಪಾಠ ಹೇಳಿದವಳು, ಗಂಡನಿಗೆ ಪೋರೂರಿನ ಆಫೀಸಿಗೆ ವರ್ಗವಾದಾಗ ಕೆಲಸ ಬಿಟ್ಟು ವೇಲಚೇರಿಯ ಮೂರನೇ ಮಹಡಿಯ ಫ್ಲ್ಯಾಟಿಗೆ ಬಂದು ಕೂತಿದ್ದೆ. ಒಂಬತ್ತು ವರ್ಷದ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು.

ಒಂದು ಭಾನುವಾರ ನಮ್ಮ ಬೀದಿಯ ಕೊನೆಯಲ್ಲಿರುವ ಉಡುಪಿ ಹೋಟೆಲಿನಲ್ಲಿ, ದೋಸೆ ಬಿಟ್ಟು ಬರೀ ಚಟ್ನಿ ನೆಕ್ಕುತ್ತಿದ್ದ ಅವಳನ್ನು ಗದರುತ್ತಿದ್ದೆ. ಗಲ್ಲಾದಲ್ಲಿ ಕೂತಿದ್ದ ಯಜಮಾನರು ಕುಂದಾಪುರದ ಕಡೆಯವರು. ಕೇಳಿಸಿಕೊಂಡು ನಕ್ಕರು.

"ನಿಮ್ಮ ಬೈಗುಳ ಸಹ ಎಷ್ಟು ಸ್ಪಷ್ಟ ಉಂಟು ಮಾರಾಯ್ರೆ. ನಮ್ಮ ಗಿರಾಕಿ ಒಬ್ರು ಸಿನಿಮಾಕ್ಕೆ ಡಬ್ಬಿಂಗ್ ಮಾಡಿಸ್ತಾರೆ. ಕನ್ನಡದ ಹೆಂಗಸರು ಬೇಕು ಅಂತ ಹೇಳ್ತಾ ಇದ್ರು. ನಂಬರ್ ಕೊಡ್ಲಾ?"

"ಅಯ್ಯೋ, ನಂಗೆ ಆಕ್ಟಿಂಗೆಲ್ಲ ಬರಲ್ಲ."

"ಮಗುಗೆ ಬೈಲಿಕ್ಕೆ ಬರ್ತದಲ್ಲ, ಅಷ್ಟು ಸಾಕು."

ಹಾಗೆ ನಾನು ಕೀಲ್ಪಾಕಿಗೆ ಹೋದದ್ದು. ಮೆಡಿಕಲ್ ಕಾಲೇಜಿನ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಮನೆ. ಅದರ ಹಿಂದಿನ ಕೋಣೆಯೇ ಸ್ಟುಡಿಯೋ. ಕಿಟಕಿಗಳನ್ನು ಮುಚ್ಚಿ ಗೋಡೆಗೆಲ್ಲ ಕಪ್ಪು ಸ್ಪಾಂಜು ಬಡಿದಿದ್ದರು. ಬಾಗಿಲು ಹಾಕಿದ ಕೂಡಲೇ ಹೊರಗಿನ ಬಸ್ಸು, ಕಾಗೆ, ಹಾರ್ನ್ ಎಲ್ಲ ಕತ್ತರಿಸಿದಂತೆ ನಿಂತುಹೋಗಿ, ನನ್ನ ಎದೆ ಬಡಿತ ನನಗೇ ಕೇಳಿಸತೊಡಗಿತು.

ಡಬ್ಬಿಂಗ್ ಮಾಡಿಸುವವರು ಎಪ್ಪತ್ತು ದಾಟಿದವರು. ನಮ್ಮ ಕಡೆಯವರೇ, ಆದರೆ ಹುಡುಗರಾಗಿದ್ದಾಗಲೇ ಮದ್ರಾಸು ಸೇರಿದವರು.

"ವಾಂಗಮ್ಮಾ, ಕೂತ್ಕೊಳ್ಳಿ," ಅಂದರು. "ಇಂಗ್ಲಿಷ್ ಪಿಕ್ಚರು. ಡೈನೋಸಾರ್‌ದು, ಸೆಕೆಂಡ್ ಪಾರ್ಟು. ಫಸ್ಟ್ ಪಾರ್ಟು ಭಾರಿ ಹಿಟ್ಟು. ಇದ್ರಲ್ಲಿ ಪಾರ್ಕನ್ನ ತಿರುಗಾ ಓಪನ್ ಮಾಡ್ತಾರೆ, ಪ್ರಾಣಿಗಳೆಲ್ಲ ತಪ್ಪಿಸ್ಕೊಂಡು ಜನದ ಮಧ್ಯ ಓಡಾಡ್ತವೆ. ನಿಮಗೆ ಒಂದು ತಾಯಿ ಕ್ಯಾರೆಕ್ಟರು. ಇಪ್ಪತ್ತು ಲೈನು, ಅಷ್ಟೇ."

ಪರದೆ ಬೆಳಗಿತು. ಆದರೆ ಪರದೆಯ ಮೇಲೆ ಪಾರ್ಕೂ ಇರಲಿಲ್ಲ, ಡೈನೋಸಾರೂ ಇರಲಿಲ್ಲ. ಪೂರ್ತಿ ಕಪ್ಪು, ನಡುವೆ ತಟ್ಟೆಯಷ್ಟಗಲದ ಒಂದು ರಂಧ್ರ, ಅದರೊಳಗೆ ಒಬ್ಬ ಬಿಳಿ ಹೆಂಗಸಿನ ಮುಖ. ಚಿತ್ರ ಬಿಡುಗಡೆಗೆ ಮುಂಚೆ ಯಾರೂ ಕದಿಯಬಾರದೆಂದು ಕಂಪನಿಯವರು ಮಾತಾಡುವವರ ಮುಖವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಪ್ಪು ಮಾಡಿ ಕಳಿಸುತ್ತಾರಂತೆ. ಆ ಮುಖ ಅತ್ತ ಹೋದರೆ ರಂಧ್ರವೂ ಅತ್ತ ಹೋಗುತ್ತಿತ್ತು. ಮಾತು ಮುಗಿದೊಡನೆ ರಂಧ್ರ ಮುಚ್ಚಿಕೊಳ್ಳುತ್ತಿತ್ತು.

ಮೊದಲ ದಿನ ಸುಲಭದ ಮಾತುಗಳು. "ಕೈ ಬಿಡಬೇಡ", "ಐಸ್‌ಕ್ರೀಮ್ ಆಮೇಲೆ", "ಟೋಪಿ ಎಲ್ಲಿ ಹಾಕಿದೆ?" ದಿನಾ ಮನೆಯಲ್ಲಿ ಆಡುವುದೇ. ಅವರು ಖುಷಿಯಾದರು. ಎರಡನೆಯ ದಿನ ಉಳಿದದ್ದು ಒಂದೇ ಕೂಗು. ಜನ ಓಡುತ್ತಿದ್ದಾರೆ, ತಾಯಿಯ ಕೈಯಿಂದ ಮಗಳು ತಪ್ಪಿದ್ದಾಳೆ, ತಾಯಿ ಒಮ್ಮೆ ಹಿಂದಕ್ಕೆ ನೋಡಿ, ಮುಂದಕ್ಕೆ ತಿರುಗಿ ಕೂಗುತ್ತಾಳೆ. ಮಾತಿಲ್ಲ, ಬರೀ ಕೂಗು.

ಹತ್ತು ಸಲವಾದರೂ ಕೂಗಿದ್ದೇನೆ. ಬೆಳಗಿನ ಹನ್ನೊಂದು ಗಂಟೆಗೆ, ಗಾಜಿನಾಚೆ ಕೂತ ಪರಗಂಡಸರಿಬ್ಬರ ಮುಂದೆ, ಮೈಸೂರಿನ ಟೀಚರಮ್ಮ ಎಷ್ಟು ಕೂಗಬಲ್ಲಳು?

"ಇಲಿ ನೋಡ್ದಂಗೆ ಕೂಗ್ತೀರಮ್ಮಾ," ಎಂದು ಹೆಡ್‌ಫೋನಿನಲ್ಲಿ ಅವರ ದನಿ ಬಂತು.

"ಅವಳ ಹಿಂದೆ ಏನಿದೆ ಸರ್? ಅದು ಗೊತ್ತಾದ್ರೆ ಕೂಗಬಹುದು."

"ನನಗೂ ತೆರಿಯಾದಮ್ಮಾ, ಗೊತ್ತಿಲ್ಲ. ನನಗೂ ಇದೇ ಕಪ್ಪು ಪಿಕ್ಚರೇ ಕಳ್ಸಿರೋದು. ದೊಡ್ಡದು ಏನೋ ಇದೆ ಅಂತ ಇಟ್ಕೊಳ್ಳಿ." ಆಮೇಲೆ ಅವರೇ, "ಲೈಟ್ ಆಫ್ ಮಾಡಿಸ್ಲಾ?" ಅಂದರು.

ಕತ್ತಲಾಯಿತು. ಆ ಮುಖವೊಂದೇ ಬೆಳಕು. ಅಲ್ಲಿಯವರೆಗೆ ನಾನು ಅವಳ ತುಟಿಯನ್ನಷ್ಟೇ ನೋಡುತ್ತಿದ್ದೆ. ಈಗ ಕಣ್ಣು ನೋಡಿದೆ. ಹಿಂದಿನಿಂದ ಬರುವುದಕ್ಕೆ ಹೆದರಿದ ಕಣ್ಣಲ್ಲ ಅದು. ಎಲ್ಲಿಂದಲೋ ಬರಬೇಕಾದ ಒಂದು ದನಿಗಾಗಿ ಕಾಯುತ್ತಿರುವ ಕಣ್ಣು. ಅವಳು ಬಾಯಿ ತೆರೆದಳು. ನನ್ನ ಬಾಯೂ ತೆರೆಯಿತು.

ಕೂಗು ಕೆಳಗಿನಿಂದ ಎದ್ದು ಮೇಲೇರಿ ಒಡೆಯಿತು. ಕೊನೆಯಲ್ಲಿ 'ಓ... ಓ...' ಎಂದು ಎರಡು ಸಲ, ಬಿಟ್ಟು ಬಿಟ್ಟು, ಯಾರನ್ನೋ ಕರೆದಂತೆ ಬಂದು ನಿಂತಿತು. ಆ 'ಓ' ಎಲ್ಲೂ ಬರೆದಿರಲಿಲ್ಲ, ಪರದೆಯ ರಂಧ್ರವೂ ಅಷ್ಟು ಹೊತ್ತಿಗೆ ಮುಚ್ಚಿತ್ತು. ಹತ್ತು ಸಲ ಕೂಗಿ ಉರಿಯುತ್ತಿದ್ದ ಗಂಟಲು ಈ ಸಲ ಸ್ವಲ್ಪವೂ ನೋಯಲಿಲ್ಲ. ಅದೇ ನನಗೆ ಮೊದಲು ಭಯ ತಂದದ್ದು.

ಗಾಜಿನಾಚೆ ಇದ್ದ ರೆಕಾರ್ಡಿಂಗ್ ಎಂಜಿನಿಯರ್ ಎದ್ದು ನಿಂತಿದ್ದ. "ಮೇಡಂ, ಉಳ್ಳ ವೇರೆ ಯಾರಾವದು ಇರುಕ್ಕಾಂಗಳಾ?" ಎಂದು ಕೇಳಿದ. ಒಳಗೆ ಬೇರೆ ಯಾರಾದರೂ ಇದ್ದಾರಾ ಎಂದು.

"ಯಾರೂ ಇಲ್ಲ," ಅಂದೆ. ಅನ್ನುತ್ತಲೇ ಹಿಂದಕ್ಕೆ ತಿರುಗಿ ನೋಡಿದೆ. ಸ್ಪಾಂಜಿನ ಗೋಡೆ ಇತ್ತು.

ಡಬ್ಬಿಂಗ್ ಮಾಡಿಸುವವರು ಆ ಕೂಗನ್ನು ಎರಡು ಸಲ ಹಾಕಿಸಿ ಕೇಳಿದರು. ಆಮೇಲೆ ಅವರೇ ಒಳಗೆ ಬಂದು ದೀಪ ಹಾಕಿ ನೀರು ಕೊಟ್ಟರು.

"ಯಾರ ಹತ್ರ ಕಲಿತದ್ದಮ್ಮಾ ಇದು?"

"ಯಾರ ಹತ್ರಾನೂ ಇಲ್ಲ ಸರ್. ಇನ್ನೊಂದ್ಸಲ ಕೂಗ್ಲಾ?"

"ಬೇಡ ಬೇಡ," ಅಂದರು, ನನ್ನ ಮುಖ ನೋಡದೆ. "ಸಾಕು. ಆ 'ಓ' ಕೂಡ ಇರ್ಲಿ, ಮುಖ ಆಚೆ ಹೋದ್ಮೇಲೆ ಬರೋದ್ರಿಂದ ತೊಂದರೆ ಇಲ್ಲ."

ಬೇಸಿಗೆ ರಜೆಯಲ್ಲಿ ಚಿತ್ರ ಬಿಡುಗಡೆಯಾಯಿತು. ಚೆನ್ನೈಯಲ್ಲಿ ಕನ್ನಡದ್ದು ಎಲ್ಲಿ ಬರಬೇಕು? ವೇಲಚೇರಿಯ ಮಾಲ್‌ನಲ್ಲಿ ತಮಿಳಿನದಕ್ಕೇ ಮಗಳನ್ನು ಕರೆದುಕೊಂಡು ಮ್ಯಾಟ್ನಿಗೆ ಹೋದೆ. ಕಪ್ಪಿನ ನಡುವೆ ನೋಡಿದ್ದ ಮುಖಕ್ಕೆ ಮೊದಲ ಸಲ ಮೈ, ಕೈಕಾಲು, ಹಳದಿ ಅಂಗಿ ಕಂಡವು. ಅವಳು ಯಾರೋ ತಮಿಳು ಹೆಂಗಸಿನ ದನಿಯಲ್ಲಿ ಐಸ್‌ಕ್ರೀಮ್ ಆಮೇಲೆ ಅಂದಳು. ನಾನು ಆ ಕೂಗಿಗಾಗಿ ಕಾದು ಕುರ್ಚಿಯ ತುದಿಗೆ ಬಂದು ಕೂತಿದ್ದೆ.

ಜನ ಓಡಿದರು. ತಾಯಿ ಹಿಂದಕ್ಕೆ ನೋಡಿದಳು. ಅವಳ ಹಿಂದೆ ಏನೂ ಇರಲಿಲ್ಲ. ಖಾಲಿ ರಸ್ತೆ, ನಿಂತ ರಾಟೆ ತೊಟ್ಟಿಲು, ಬಿದ್ದಿದ್ದ ಒಂದು ಚಪ್ಪಲಿ. ಡೈನೋಸಾರುಗಳೆಲ್ಲ ಪಾರ್ಕಿನ ಇನ್ನೊಂದು ತುದಿಯಲ್ಲಿದ್ದವು. ಮಗು ಎದುರಿನ ಆಟದ ರೈಲಿನೊಳಗೆ ಬಚ್ಚಿಟ್ಟುಕೊಂಡು ಕೂತಿತ್ತು. ತಮಿಳು ಹೆಂಗಸು ಕೂಗಿದಳು, ಚೆನ್ನಾಗಿಯೇ ಕೂಗಿದಳು.

ಮಗಳು ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಅಮ್ಮಾ, ಅಂಗೆ ಒಣ್ಣುಮೇ ಇಲ್ಲಯೇ."

"ಹೌದು ಪುಟ್ಟಾ, ಅಲ್ಲಿ ಏನೂ ಇಲ್ಲ," ಅಂದೆ. ಎ.ಸಿ. ಚಳಿಗೋ ಏನೋ, ನನ್ನ ತೋಳಿನ ಕೂದಲು ನಿಂತಿದ್ದವು.

ಅದೇ ವಾರ ಮೈಸೂರಿನಿಂದ ಅಮ್ಮ ಫೋನ್ ಮಾಡಿದಳು. ಪಕ್ಕದ ಮನೆಯವರ ಜೊತೆ ಕನ್ನಡದ್ದಕ್ಕೆ ಹೋಗಿ ಬಂದಿದ್ದಳು.

"ಮಾತೆಲ್ಲ ನಿಂದೇ ಕಣೆ. ಚೆನ್ನಾಗಿದೆ. ಆದ್ರೆ ಆ ಕೂಗು ಯಾರ್ದು?"

"ನಂದೇ ಅಮ್ಮ."

"ಸುಳ್ಳು ಹೇಳ್ಬೇಡ. ನಿನ್ನ ಹೆತ್ತೋಳಿಗೆ ನಿನ್ನ ದನಿ ಗೊತ್ತಾಗಲ್ವ? ಅದು ನಮ್ಮವ್ವಂದು."

ನಮ್ಮಜ್ಜಿ ಸತ್ತದ್ದು ನಾನು ಹುಟ್ಟುವ ಮುಂಚೆ. ಆಗ ಅಮ್ಮ, ನನಗೆ ಎಂದೂ ಹೇಳದಿದ್ದ ಒಂದು ಸಂಗತಿ ಹೇಳಿದಳು. ಅವಳಿಗೆ ಆರು ವರ್ಷವಿದ್ದಾಗ ಊರಿಗೆ ಸರ್ಕಸ್ ಬಂದಿತ್ತು. ಸಂಜೆಯ ಆಟದ ನಡುವೆ ಡೇರೆಯಲ್ಲಿ ದೀಪ ಹೋಯಿತು. ಯಾರೋ 'ಹುಲಿ ತಪ್ಪಿಸ್ಕೊಂಡಿದೆ' ಎಂದರು. ಜನ ಎದ್ದು ಓಡಿದ ನೂಕುನುಗ್ಗಲಿನಲ್ಲಿ ಅವ್ವನ ಸೆರಗು ಕೈ ತಪ್ಪಿ, ಅಮ್ಮ ಬೆಂಚಿನ ಹಲಗೆಗಳ ಕೆಳಗೆ ಬಿದ್ದಳು. ಮೇಲೆ ಕಾಲುಗಳು ದಡದಡ ಓಡುತ್ತಿದ್ದವು.

"ಆಗ ಕೂಗಿದ್ದು ಕಣೆ ಅವ್ವ. ಅಷ್ಟು ಜನದ ಗದ್ದಲದಲ್ಲಿ ಅದೊಂದೇ ಕೇಳಿಸ್ತು. ಕೊನೇಲಿ ಹಿಂಗೇ, ಓ... ಓ... ಅಂತ. ಅದನ್ನೇ ಹಿಡ್ಕೊಂಡು ತೆವಳ್ಕೊಂಡು ಆಚೆ ಬಂದೆ."

"ಹುಲಿ?"

"ಹುಲಿ ಎಲ್ಲೂ ಹೋಗಿರ್ಲಿಲ್ಲ. ಬೋನಲ್ಲೇ ಮಲಗಿತ್ತಂತೆ."

ಅಜ್ಜಿ ಆಮೇಲೆ ಜೀವಮಾನದಲ್ಲಿ ಹಾಗೆ ಕೂಗಿದ್ದೇ ಇಲ್ಲವಂತೆ. ಜೋರಾಗಿ ಮಾತನಾಡುವವಳೂ ಅಲ್ಲವಂತೆ. ಅವಳ ದನಿ ಯಾವ ಟೇಪಿನಲ್ಲೂ ಇಲ್ಲ. ಮತ್ತೆ ನನ್ನ ಗಂಟಲಿಗೆ ಅದು ಹೇಗೆ ಬಂತು? ಗಂಡನನ್ನು ಕೇಳಿದೆ. ರಕ್ತದಲ್ಲಿ ಬರುತ್ತೆ, ನಡಿಗೆ ಬರಲ್ವ, ಹಾಗೆ, ಅಂದರು. ಇರಬಹುದು. ಆದರೆ ಎಂಜಿನಿಯರ್ ಎದ್ದು ನಿಂತದ್ದನ್ನು ಅವರು ನೋಡಿರಲಿಲ್ಲ.

ಅಮ್ಮ ಆ ಚಿತ್ರಕ್ಕೆ ಮತ್ತೆ ಮತ್ತೆ ಹೋಗತೊಡಗಿದಳು. ಕೀಲ್ಪಾಕಿಗೆ ಫೋನ್ ಮಾಡಿ ಆ ಒಂದು ಕೂಗಿನ ತುಣುಕು ಸಿಗುತ್ತದೆಯೇ ಎಂದು ಕೇಳಿದೆ. "ಎಲ್ಲ ಕಂಪನಿಯವರಿಗೆ ಹೋಯ್ತಮ್ಮಾ, ನಮ್ಮ ಹತ್ರ ಇಟ್ಕೊಳ್ಳೋ ಹಾಗಿಲ್ಲ," ಅಂದರು. ಥಿಯೇಟರಿನಿಂದ ಚಿತ್ರ ತೆಗೆಯುತ್ತಾರೆಂದು ಗೊತ್ತಾದಾಗ ಮಗಳನ್ನು ಕರೆದುಕೊಂಡು ರೈಲು ಹತ್ತಿ ಮೈಸೂರಿಗೆ ಹೋದೆ.

ಕೊನೆಯ ಮಧ್ಯಾಹ್ನದ ಆಟ. ಥಿಯೇಟರಿನಲ್ಲಿ ಇಪ್ಪತ್ತು ಜನರೂ ಇರಲಿಲ್ಲ. ಡೈನೋಸಾರುಗಳು ಬೇಲಿ ಮುರಿದು ಬಂದಾಗ ಅಮ್ಮ ತಣ್ಣಗೆ ಕಡಲೆಕಾಯಿ ತಿನ್ನುತ್ತಿದ್ದಳು. ಹಳದಿ ಅಂಗಿಯ ಹೆಂಗಸು ಬಂದೊಡನೆ ಪೊಟ್ಟಣ ಮಡಿಚಿ ಕಣ್ಣು ಮುಚ್ಚಿದಳು.

ಕೂಗು ಬಂತು. ಅಷ್ಟು ದೊಡ್ಡ ಹಾಲಿನಲ್ಲಿ, ನಾಲ್ಕೂ ಕಡೆಯಿಂದ. ನಾನು ಅದರಲ್ಲಿ ನನ್ನನ್ನು ಹುಡುಕಿದೆ, ಸಿಗಲಿಲ್ಲ. 'ಓ... ಓ...' ಎಂದಾಗ ಅಮ್ಮ ಕುರ್ಚಿಯಿಂದ ಅರ್ಧ ಎದ್ದಳು.

"ಇಲ್ಲಿದೀನವ್ವಾ," ಅಂದಳು. ಅರವತ್ತೈದರ ಹೆಂಗಸಿನ ದನಿಯಲ್ಲ, ಸಣ್ಣ ಮಗುವಿನದು.

ಮುಂದಿನ ಸಾಲಿನವರು ತಿರುಗಿ ನೋಡಿದರು. ಮಗಳು ತನ್ನಜ್ಜಿಯ ಕೈ ಹಿಡಿದುಕೊಂಡಳು. ನಾನು ಅಮ್ಮನ ಬೆನ್ನ ಮೇಲೆ ಕೈಯಿಟ್ಟು ಕೂರಿಸಿದೆ. ಆಮೇಲೆ ಚಿತ್ರ ಮುಗಿಯುವವರೆಗೂ ಪರದೆಯ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ.