ಒಂದೇ ಗುಂಡಿಯ ಪೆಡಲ್

ಕ್ಯಾಸೆಟ್ಟುಗಳ ಕಾಲದಲ್ಲಿ ನಂಜನಗೂಡಿನ ಒಂದು ಆರ್ಕೆಸ್ಟ್ರಾದಲ್ಲಿ ನಾನು ಹಾಡುತ್ತಿದ್ದೆ. ನಮ್ಮ ಗಿಟಾರ್ ಮೇಷ್ಟ್ರು ಬರಿಗಾಲಲ್ಲೇ ವೇದಿಕೆ ಹತ್ತುತ್ತಿದ್ದರು. ಗಿಟಾರಿನ ದನಿ ಬದಲಿಸಲು ಅವರಲ್ಲಿದ್ದದ್ದು ಒಂದೇ ಗುಂಡಿಯ ಅಗ್ಗದ ಪೆಡಲ್. ಅದನ್ನು ಕಾಲ ಹೆಬ್ಬೆರಳಲ್ಲಿ ತಡವಿ ಒತ್ತುತ್ತಿದ್ದರು. ಯಾರಾದರೂ ನಕ್ಕರೆ, "ನಂಗೆ ಇಷ್ಟು ಸಾಕು ಕಣ್ರೀ" ಅನ್ನುತ್ತಿದ್ದರು.

ತಿ. ನರಸೀಪುರದ ಒಂದು ಆರತಕ್ಷತೆಗೆ ನಮ್ಮ ಮಾಲೀಕರು ಸಾಲುಗುಂಡಿಗಳ ದುಬಾರಿ ಫಾರಿನ್ ಪೆಡಲ್ ತಂದರು. "ಇವತ್ತು ಇದ್ರಲ್ಲೇ ನುಡ್ಸಿ ಮೇಷ್ಟ್ರೇ" ಎಂದರು. ಮೇಷ್ಟ್ರು ಹಳೆಯದನ್ನೂ ಪಕ್ಕದಲ್ಲೇ ಇಟ್ಟುಕೊಂಡರು.

ಹಾಡಿನ ನಡುವೆ ಅವರ ಕಾಲು ಆ ಗುಂಡಿಗಳ ಮೇಲೆ ಅಲೆದು ಯಾವುದನ್ನೋ ಒತ್ತಿತು. ಸ್ಪೀಕರ್ ಕಿರುಚಿತು. "ಲೇ, ನಿಲ್ಸ್ಲಾ!" ಎಂದು ಜನ ಎದ್ದು ನಿಂತರು. ನಾನು ಮೇಷ್ಟ್ರ ಹತ್ತಿರ ಹೋದೆ. ಅವರು ಪಿಸುಗುಟ್ಟಿದರು:

"ತಂಗ್ಯವ್ವಾ, ಕೆಂಪು ದೀಪ ಉರೀತಾ ಅದಾ? ನಂಗೆ ಕಣ್ಣು ಕಾಣಲ್ಲ ಕಣವ್ವಾ. ಯಾರ್ಗೂ ಹೇಳ್ಬ್ಯಾಡ, ಕೆಲ್ಸ ಓಯ್ತದೆ."

ಪೆಡಲಿನ ದೀಪ ಅವರ ಪಾದದ ಪಕ್ಕದಲ್ಲೇ ಉರಿಯುತ್ತಿತ್ತು.

"ಹೊಸದು ಕೆಟ್ಟೋಗಿದೆ ಸಾ" ಎಂದು ಮಾಲೀಕರಿಗೆ ಕೂಗಿ, ಹಳೆಯದನ್ನೇ ಜೋಡಿಸಿ ಅವರ ಕಾಲಬುಡಕ್ಕಿಟ್ಟೆ. ಹಾಡು ಮುಗಿಯಿತು, ಚಪ್ಪಾಳೆಯೂ ಬಿತ್ತು.

ಇಳಿಯುವಾಗ ಮೇಷ್ಟ್ರು ಮೆಟ್ಟಿಲ ಬಳಿ ನಿಂತುಬಿಟ್ಟರು. ನಾನು ಸ್ಪೀಕರ್ ಪೆಟ್ಟಿಗೆಯ ಒಂದು ಬದಿ ಹಿಡಿದು, ಇನ್ನೊಂದು ಬದಿಯನ್ನು ಅವರ ಕೈಗೆ ಕೊಟ್ಟೆ. ನೋಡಿದವರಿಗೆ ನಾವಿಬ್ಬರೂ ಸಾಮಾನು ಇಳಿಸುತ್ತಿದ್ದೆವು ಅಷ್ಟೆ. ಕೆಳಗೆ ಇಳಿದ ಮೇಲೂ ಮೇಷ್ಟ್ರು ಪೆಟ್ಟಿಗೆಯ ಆ ಬದಿಯನ್ನು ಬಿಡಲಿಲ್ಲ.